ಚಿಟಿಕೆ ಹೊಡೆಯುವ ಸಿಗಡಿ

ಬಿಳಿಗೆರೆಯ ತೆಂಗಿನ ತೋಟಗಳಿಗೆ ಕಡಲು ದೂರ. ಆದರೂ ರೇಡಿಯೋ ಇರುವ ಮನೆಯವರಾದ ತಮಗೆ ಈ ಸದ್ದಿನ ಪರಿಚಯವುಂಟು. ಗುಡುಗು ಮಳೆಯ ಹೊತ್ತು ಕಾರ್ಯಕ್ರಮದ ನಡುವೆ ಕೇಳುವ ಚಟಪಟದಂತೆಯೇ ಹವಳದ ದಿಬ್ಬಗಳು ಹಗಲಿರುಳು ಚಟಗುಟ್ಟುತ್ತವೆ.

ಇದು ಬೆರಳುದ್ದವೂ ಇಲ್ಲದ ಸಿಗಡಿಯ ಕೆಲಸ. ಅದರ ಮುಂಗಾಲಿನ ಇಕ್ಕಳಗಳಲ್ಲಿ ಒಂದು ಬಲು ದಪ್ಪ. ಅದನ್ನು ಥಟ್ಟನೆ ಮುಚ್ಚಿದಾಗ ನೀರು ಚಿಮ್ಮಿ ಗುಳ್ಳೆಯೇಳುತ್ತದೆ. ಸದ್ದು ಇಕ್ಕಳದ್ದಲ್ಲ, ಆ ಗುಳ್ಳೆ ಕುಸಿಯುವುದರದು ಎಂದು ವಿಜ್ಞಾನಿಗಳು 2000ರಲ್ಲಿ ತೋರಿಸಿಕೊಟ್ಟರು. ಆ ಪೆಟ್ಟಿಗೆ ಸಣ್ಣ ಬೇಟೆ ಮೂರ್ಛೆ ಹೋಗುತ್ತದೆ. ದೊಡ್ಡ ಇಕ್ಕಳ ಮುರಿದುಹೋದರೆ ಚಿಕ್ಕದೇ ಬೆಳೆದು ಅದರ ಕೆಲಸ ವಹಿಸಿಕೊಳ್ಳುತ್ತದೆ.

ಹವಳದ ಸಂದುಗೊಂದುಗಳೇ ಇದರ ಮನೆ. ನಮ್ಮ ಕರಾವಳಿಯಲ್ಲಿ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವುಂಟು. ದಿಬ್ಬದ ಈ ಗದ್ದಲ ಕೇಳಿ ಮರಿಮೀನುಗಳು ನೆಲೆ ಹುಡುಕಿ ಬರುತ್ತವೆ. ಕಡಲು ಕಾದು ಹವಳ ಸತ್ತರೆ ಸದ್ದೂ ತಗ್ಗುತ್ತದೆ, ಬರುವ ಮರಿಗಳೂ ಕಡಿಮೆಯಾಗುತ್ತವೆ.