ಜೈವಿಕ ಭಯೋತ್ಪಾದನೆ: ದಾದಿ ಕೇಳಬೇಕಾದ ಪ್ರಶ್ನೆ

ಬಾಂಬು ಸಿಡಿದರೆ ಎಲ್ಲರಿಗೂ ತಿಳಿಯುತ್ತದೆ. ರೋಗಾಣುಗಳ ದಾಳಿಗೆ ಸದ್ದಿಲ್ಲ. ಅದರ ಮೊದಲ ಸುಳಿವು ಸಿಗುವುದು ಆಸ್ಪತ್ರೆಯಲ್ಲಿ, ಹಲವು ವೇಳೆ ದಾದಿಯ ಕಣ್ಣಿಗೆ.

2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಬೀಜಕಣಗಳ ಪುಡಿಯನ್ನು ಅಂಚೆಯಲ್ಲಿ ಕಳಿಸಲಾಯಿತು. 22 ಮಂದಿಗೆ ರೋಗ ತಗಲಿ, 5 ಮಂದಿ ಸತ್ತರು. ವಾಷಿಂಗ್‌ಟನ್ನಿನ ಅಂಚೆ ನೌಕರರೊಬ್ಬರನ್ನು ಸಾಮಾನ್ಯ ಹೊಟ್ಟೆಬೇನೆಯೆಂದು ತುರ್ತು ಚಿಕಿತ್ಸಾ ವಿಭಾಗದಿಂದ ಮನೆಗೆ ಕಳಿಸಲಾಗಿತ್ತು. ಮರುದಿನ ಅವರು ತೀರಿಕೊಂಡರು.

ಕೆಲವೇ ಮೈಕ್ರೊಮೀಟರ್ ಗಾತ್ರದ ಈ ಕಣಗಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮೊದಲು ಜ್ವರ, ಕೆಮ್ಮು, ಸುಸ್ತು. ಫ್ಲೂ ಜ್ವರದಂತೆಯೇ ಕಂಡರೂ ಮೂಗು ಸೋರುವುದು ಅಪರೂಪ. ಎಕ್ಸ್-ರೇ ಚಿತ್ರದಲ್ಲಿ ಶ್ವಾಸಕೋಶಗಳ ನಡುವಣ ಭಾಗ ಅಗಲವಾಗಿ ಕಾಣಬಹುದು. ಚರ್ಮಕ್ಕೆ ತಗಲಿದರೆ ನೋವಿಲ್ಲದ, ಕಪ್ಪು ಹೊಪ್ಪಳೆಯ ಹುಣ್ಣಾಗುತ್ತದೆ.

ಆದ್ದರಿಂದ ದಾದಿ ಕೇಳಬೇಕಾದುದು: "ನೀವು ಎಲ್ಲಿ ಕೆಲಸ ಮಾಡುತ್ತೀರಿ? ಜೊತೆಯವರಿಗೂ ಹೀಗೆಯೇ ಆಗಿದೆಯೇ?" ಅನುಮಾನ ಬಂದರೆ ಪರೀಕ್ಷಾ ವರದಿಗೆ ಕಾಯದೆ ವೈದ್ಯರಿಗೂ ಆರೋಗ್ಯಾಧಿಕಾರಿಗೂ ತಿಳಿಸಬೇಕು. ಶ್ವಾಸಕೋಶದ ಆಂಥ್ರಾಕ್ಸ್ ಒಬ್ಬರಿಂದೊಬ್ಬರಿಗೆ ಹರಡದು. ರೋಗಿಗೆ ಪ್ರತ್ಯೇಕ ಕೋಣೆ ಬೇಕಿಲ್ಲ. ಆದರೆ ಸಿಡುಬಿನ ಶಂಕೆಯಿದ್ದರೆ ತಡಮಾಡದೆ ರೋಗಿಯನ್ನು ಬೇರೆಯಾಗಿರಿಸಬೇಕು. ಬೀಜಕಣಗಳನ್ನು ಉಸಿರಾಡಿರಬಹುದಾದವರು ಆರೋಗ್ಯವಾಗಿದ್ದರೂ 60 ದಿನ ಪ್ರತಿಜೈವಿಕ ಔಷಧ ಸೇವಿಸಬೇಕು. ಒಳಗೆ ಸುಪ್ತವಾಗಿರುವ ಕಣಗಳು ವಾರಗಳ ನಂತರವೂ ಮೊಳೆಯಬಲ್ಲವು.