‘ಇದನ್ನು ಎಲ್ಲಿಂದ ತಂದೆ?’



ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ ನಿಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂದು ನಮಗೆ ಗೊತ್ತು. ಕಂಪ್ಯೂಟರಿನ ಮುಂದೆ ಕುಳಿತು ಅಲ್ಲೊಂದು ಪ್ಯಾರಾ, ಇಲ್ಲೊಂದು ಪ್ಯಾರಾ ಎತ್ತಿ ಜೋಡಿಸಿದರೆ ಬೆಳಗಾಗುವುದರೊಳಗೆ ಇಪ್ಪತ್ತು ಪುಟ ಸಿದ್ಧ! ಆದರೆ ಪ್ರಾಧ್ಯಾಪಕರು ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನು ಎಲ್ಲಿಂದ ತಂದೆ?’ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿದೆಯೇ?

ಉತ್ತರ ಹೇಳುವ ಬಗೆಯನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯನ್ನೇ ನೋಡಿ. 1917ರಲ್ಲಿ ಹುಟ್ಟಿದ ಈ ಸಂಸ್ಥೆ 1919ರಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಕೈಹಾಕಿತು. 1925ರಲ್ಲಿ ವಿ. ಎಸ್. ಸುಖಠಣಕರರು ಪ್ರಧಾನ ಸಂಪಾದಕರಾದರು. ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳ ಮುಂತಾದ ಲಿಪಿಗಳ 1,200ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ವಿದ್ವಾಂಸರು ಸಾಲುಸಾಲಾಗಿ ಹೋಲಿಸಿದರು. ಕೆಲಸ ಮುಗಿದದ್ದು 1966ರಲ್ಲಿ!

ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೀರಲ್ಲವೇ? ಅದು ಹಲವು ಮುಖ್ಯ ಪ್ರತಿಗಳಲ್ಲಿ ಇಲ್ಲದ್ದರಿಂದ ಸಂಪಾದಕರು ಮೂಲಪಾಠದಲ್ಲಿ ಸೇರಿಸಲಿಲ್ಲ. ಹಾಗೆಂದು ಎಸೆಯಲೂ ಇಲ್ಲ. ಅನುಬಂಧದಲ್ಲಿಟ್ಟು, ಯಾವ ಪ್ರತಿಗಳಲ್ಲಿ ಅದು ಸಿಗುತ್ತದೆಂದು ದಾಖಲಿಸಿದರು. ಎಲ್ಲರಿಗೂ ಗೊತ್ತಿರುವ ಮಾತಿಗೂ ಆಧಾರ ಕೇಳಬೇಕು, ಬಿಟ್ಟದ್ದಕ್ಕೂ ಕಾರಣ ಕೊಡಬೇಕು ಎಂಬ ಪಾಠ ಇದರಲ್ಲಿದೆ.

ನೀವು ಅಷ್ಟು ವರ್ಷ ದುಡಿಯಬೇಕಿಲ್ಲ. ಯಾವ ಮಾಹಿತಿ ಸಿಕ್ಕರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರು ಹೇಳಿದರು? ಯಾವಾಗ ಹೇಳಿದರು? ಬೇರೆಯವರು ಏನನ್ನುತ್ತಾರೆ? ‘ಯಾವಾಗ’ ಎಂಬುದು ಮುಖ್ಯ. ಕನ್ನಡದ ಮೊದಲ ಶಾಸನ ಸುಮಾರು ಕ್ರಿ.ಶ. 450ರ ಹಲ್ಮಿಡಿಯದು ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಆದರೆ ಈಚೆಗೆ ತಾಳಗುಂದದಲ್ಲಿ ದೊರೆತ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದೆ. ಹಳೆಯ ಪುಸ್ತಕ ಸುಳ್ಳು ಹೇಳಲಿಲ್ಲ, ಅದು ಬರೆದಾಗ ಈ ಶಾಸನ ಸಿಕ್ಕಿರಲಿಲ್ಲ, ಅಷ್ಟೆ.

ಈಗಂತೂ ಕೇಳಿದ ತಕ್ಷಣ ಉತ್ತರ ಬರೆದುಕೊಡುವ ಯಂತ್ರಗಳಿವೆ. ಅವು ಒಮ್ಮೊಮ್ಮೆ ಇಲ್ಲದ ಪುಸ್ತಕದ ಹೆಸರನ್ನೂ ಧೈರ್ಯವಾಗಿ ಹೇಳುತ್ತವೆ! ಆ ಪುಸ್ತಕ ನಿಜವಾಗಿ ಇದೆಯೇ ಎಂದು ಗ್ರಂಥಾಲಯದ ಪಟ್ಟಿಯಲ್ಲಿ ನೋಡಿ. ವಿಶ್ವವಿದ್ಯಾಲಯದ ಜಯಕರ್ ಗ್ರಂಥಾಲಯ ನಮ್ಮ ಊರಿನಲ್ಲೇ ಇದೆ. ಮನೆಯಲ್ಲಿ ಕುಳಿತೇ ‘ಶೋಧಗಂಗಾ’ದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಓದಬಹುದು.

ಕದ್ದು ಬರೆದರೆ ಶಿಕ್ಷೆಯೂ ಉಂಟು. ಯುಜಿಸಿಯ 2018ರ ನಿಯಮದಂತೆ, ಪ್ರಬಂಧದ ಶೇ. 10ಕ್ಕಿಂತ ಹೆಚ್ಚು ಭಾಗ ಬೇರೆಡೆಯದಕ್ಕೆ ಹೋಲಿದರೆ ತಿದ್ದಿ ಬರೆಯಬೇಕು. ಶೇ. 60 ಮೀರಿದರೆ ನೋಂದಣಿಯೇ ರದ್ದು.

ಕೊನೆಗೊಂದು ಮಾತು. ‘ನಾವು ಅತ್ತ ಪೂರ್ತಿ ಕನ್ನಡದವರೂ ಅಲ್ಲ, ಇತ್ತ ಮರಾಠಿಯವರೂ ಅಲ್ಲ’ ಎಂದು ನಿಮ್ಮಲ್ಲಿ ಕೆಲವರು ಕೊರಗುವುದುಂಟು. ಅಧ್ಯಯನದಲ್ಲಿ ಇದೇ ನಿಮ್ಮ ಬಲ. ಶಿವಾಜಿಯ ತಂದೆ ಶಹಾಜಿಯ ಬಗ್ಗೆ ಬರೆಯುವಿರಾದರೆ ಮರಾಠಿಯ ಗ್ರಂಥಗಳನ್ನು ಓದಬಲ್ಲಿರಿ, ಅವನ ಜಹಗೀರಾಗಿದ್ದ ಬೆಂಗಳೂರಿನ ಬಗ್ಗೆ, ಅವನ ಸಮಾಧಿಯಿರುವ ಹೊದಿಗೆರೆಯ ಬಗ್ಗೆ ಕನ್ನಡದಲ್ಲಿ ಬಂದದ್ದನ್ನೂ ಓದಬಲ್ಲಿರಿ. ನಿಮ್ಮ ಎಷ್ಟು ಸಹಪಾಠಿಗಳಿಗೆ ಈ ಭಾಗ್ಯವಿದೆ? ಕನ್ನಡ ಓದಲು ತಡವರಿಸಿದರೆ ಅಮ್ಮನನ್ನೋ ಅಜ್ಜನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೂ ಸಂತೋಷ, ನಿಮಗೂ ಲಾಭ.

ಇಂದೇ ಒಂದು ನೋಟ್‌ಬುಕ್ ಇಟ್ಟು, ಓದಿದ ಪುಸ್ತಕ, ಲೇಖಕ, ವರ್ಷ, ಪುಟ ಗುರುತು ಹಾಕಿಕೊಳ್ಳಿ. ಮುಂದೆ ಯಾರಾದರೂ ‘ಎಲ್ಲಿಂದ ತಂದೆ?’ ಎಂದು ಕೇಳಿದಾಗ ತಲೆ ತಗ್ಗಿಸದೆ ಪುಟ ತೆರೆದು ತೋರಿಸಿ.