ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೋಂಸ್ಟೇ ಅಡ್ವಾನ್ಸ್ ನಿಮ್ಮ ಖಾತೆಗೆ ಬರುತ್ತದೆಯೇ?

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ಕಾಫಿ ಪುಡಿ, ಜೇನು, ಕಾಚಂಪುಳಿ ಮಾರುವವರು ಈಗ ಇನ್‌ಸ್ಟಾಗ್ರಾಂ, ವಾಟ್ಸಾಪ್, ಗೂಗಲ್ ಮ್ಯಾಪ್‌ನಲ್ಲೂ ಗ್ರಾಹಕರನ್ನು ಹುಡುಕುತ್ತಾರೆ. ಅಲ್ಲಿ ಹಾಕಿದ ಫೋನ್ ನಂಬರ್ ವಂಚಕರಿಗೂ ಸಿಗುತ್ತದೆ.

ವಂಚಕರು ಹೇಳುವುದೇನು?
“ನಾನು ಸೇನೆಯ ಅಧಿಕಾರಿ. ಎರಡು ರೂಮ್ ಬೇಕು. ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬರುತ್ತದೆ.” ಮನೆಮನೆಯಲ್ಲೂ ಸೈನಿಕರ ಮೇಲೆ ಗೌರವವಿರುವ ಕೊಡಗಿನಲ್ಲಿ ಈ ಮಾತನ್ನು ಬೇಗ ನಂಬುತ್ತಾರೆ.

ಸತ್ಯವೇನು?
ಇದು ಸುಳ್ಳು. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಕೂಡ ಬೇಕಿಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದವರ ಖಾತೆಯಿಂದಲೇ ಹಣ ಹೋಗುತ್ತದೆ. “ತಪ್ಪಿ ಹೆಚ್ಚು ಹಣ ಕಳಿಸಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ” ಎಂದು ನಕಲಿ ಎಸ್‌ಎಂಎಸ್ ತೋರಿಸುವುದು ಇನ್ನೊಂದು ಉಪಾಯ.

ಏನು ಮಾಡಬೇಕು?
• ನಿಮ್ಮ ಕ್ಯೂಆರ್ ಕೋಡ್ ಅನ್ನು ನೀವೇ ಗ್ರಾಹಕರಿಗೆ ಕಳಿಸಿ.
• ಸ್ಕ್ರೀನ್‌ಶಾಟ್, ಎಸ್‌ಎಂಎಸ್ ನಂಬಬೇಡಿ. ಬ್ಯಾಂಕ್ ಖಾತೆಯಲ್ಲಿ ಹಣ ಕಂಡ ಮೇಲೆಯೇ ಬುಕಿಂಗ್ ಖಚಿತಪಡಿಸಿ.
• ಮೋಸ ಹೋದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆನ್‌ಲೈನ್ ಪ್ರಚಾರ ನಿಲ್ಲಿಸಬೇಕಿಲ್ಲ. ಹಣ ಬರಬೇಕಾದಾಗ ಪಿನ್ ಒತ್ತದಿದ್ದರೆ ಸಾಕು.